‘ರಕ್ಷಕ’ ಅನ್ನೋ ಪದದ ಜಾಡು ಹಿಡಿಯುವುದು ಹೇಗೆ

ತೀರ್ಥಹಳ್ಳಿಯಲ್ಲಿ ಆಷಾಢದ ಮಳೆ ಹಿಡಿದರೆ ಸಂಜೆ ಕರೆಂಟ್ ಇರುವುದಿಲ್ಲ. ಮೇಣದಬತ್ತಿ ಹಚ್ಚಿಕೊಂಡು ನಾನು ಓದುವ ಕ್ರಮ ಇದು. ಕೈಯಲ್ಲಿ ಅಮ್ಮನ ಹಳೇ ಬೈಬಲ್. ಥಂಡಿಗೆ ಹಾಳೆ ಮೆತ್ತಗಾಗಿದೆ, ಹಗುರವಾಗಿ ತಿರುಗಿಸಬೇಕು. ಜೊತೆಗೆ ಒಂದು ಕೆಂಪು ಪೆನ್ಸಿಲ್.

ಮೊದಲು ಯೆಶಾಯ ಪುಸ್ತಕದ 43ನೇ ಅಧ್ಯಾಯ. ನೇರ 11ನೇ ವಚನಕ್ಕೆ ಹಾರಬೇಡಿ. 2ರಿಂದ ಓದಿ: ನದಿ ದಾಟುವಾಗ ನಿನ್ನ ಜೊತೆಗಿರುತ್ತೇನೆ ಅನ್ನುತ್ತಾನೆ ದೇವರು. ಹೊರಗೆ ತುಂಗೆ ಕೆಂಪಾಗಿ ಉಕ್ಕುವಾಗ ಇದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಆಮೇಲೆ 11: ನನ್ನ ಬಿಟ್ಟರೆ ರಕ್ಷಕನಿಲ್ಲ. ಹೋಶೇಯ 13:4ರಲ್ಲೂ ಇದೇ ಮಾತು.

ಈಗ ನ್ಯಾಯಸ್ಥಾಪಕರು 3:9. ಹೀಬ್ರೂವಿನಲ್ಲಿ ಇಸ್ರಾಯೇಲ್ಯರನ್ನು ಬಿಡಿಸಿದ ಒತ್ನೀಯೇಲ ಅನ್ನೋ ಮನುಷ್ಯನಿಗೂ ಅದೇ ಪದ, ‘ಮೋಶಿಯ’, ಅಂದರೆ ರಕ್ಷಕ. ಗೊಂದಲ ಆಯ್ತು ಅಲ್ವಾ? ಸುಮ್ನೆ ಮುಂದೆ ಹೋಗಬೇಡಿ. ಅವನನ್ನು ಎಬ್ಬಿಸಿದ್ದು ಯಾರು ಅಂತ ನೋಡಿ. ಯೆಹೋವನೇ, ಅಂದರೆ ದೇವರೇ. ಅಲ್ಲಿ ಗೆರೆ ಎಳೆಯಿರಿ.

ಕೊನೆಗೆ ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ತೀತನಿಗೆ ಬರೆದ ಪತ್ರ. 1:3ರಲ್ಲಿ ದೇವರು ನಮ್ಮ ರಕ್ಷಕ, 1:4ರಲ್ಲಿ ಯೇಸು ಕ್ರಿಸ್ತ ನಮ್ಮ ರಕ್ಷಕ. ಯೆಹೂದ್ಯರು ಹೊಸ ಒಡಂಬಡಿಕೆಯನ್ನು ಒಪ್ಪುವುದಿಲ್ಲ. ನನ್ನಂಥ ಕ್ರೈಸ್ತರಿಗೆ ಇಬ್ಬರು ರಕ್ಷಕರಲ್ಲ, ಒಬ್ಬನೇ. ಎರಡಕ್ಕೂ ಕೆಂಪು ಗೆರೆ ಹಾಕಿ, ಯೆಶಾಯ 43ಕ್ಕೆ ಮರಳಿ ಹೋಗಿ, ಇನ್ನೊಮ್ಮೆ ಜೋರಾಗಿ ಓದಿ.