ಮರೆತುಹೋದ ಠೇವಣಿ: ವಾರಸುದಾರರ ಪರ ಅರ್ಜಿ ಹಾಕುವಾಗ ನಾನು ಅನುಸರಿಸುವ ಕ್ರಮ

ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ಸರ್ಕಾರದ ಪಾಲಾಗುತ್ತದೆ ಎಂಬ ಮಾತನ್ನು ಉಡುಪಿ, ಮಂಗಳೂರು ಕಡೆ ಬಹಳ ಜನ ನಂಬಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಕಲಂ 26ಎ ಪ್ರಕಾರ ಆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ, ಆದರೆ ಕೊಡಬೇಕಾದ ಹೊಣೆ ಬ್ಯಾಂಕಿನದೇ. ಕೇಳಲು ಕಾಲಮಿತಿ ಇಲ್ಲ. ಬ್ಯಾಂಕ್ ಮೊದಲು ನಮಗೆ ಕೊಟ್ಟು, ಆಮೇಲೆ ನಿಧಿಯಿಂದ ಪಡೆದುಕೊಳ್ಳುತ್ತದೆ. ಅವಧಿ ಠೇವಣಿಗೆ ಹತ್ತು ವರ್ಷ ಲೆಕ್ಕ ಹಾಕುವುದು ಅವಧಿ ಮುಗಿದ ದಿನದಿಂದ, ಇಟ್ಟ ದಿನದಿಂದಲ್ಲ.

ಹುಡುಕಾಟ ಶುರುಮಾಡಬೇಕಾದ್ದು ಬ್ಯಾಂಕಿನ ಈಗಿನ ಹೆಸರಿನಿಂದ. ಹಳೆಯ ಪಾಸ್‌ಬುಕ್ಕುಗಳಲ್ಲಿ ಹೆಚ್ಚಾಗಿ ಕಾಣುವ ಮೂರು ಹೆಸರುಗಳು ಇಂದು ಇಲ್ಲ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಿಂದ ಬ್ಯಾಂಕ್ ಆಫ್ ಬರೋಡಾ ಆಯಿತು. ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಇಂಥ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಜಾಲತಾಣ 2023ರ ಆಗಸ್ಟಿನಿಂದ ಇದೆ. ಮೊಬೈಲ್ ನಂಬರಿನಿಂದ ನೋಂದಾಯಿಸಿ, ಖಾತೆದಾರರ ಹೆಸರಿನ ಜೊತೆ ಪ್ಯಾನ್, ಮತದಾರರ ಚೀಟಿ, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಜನ್ಮದಿನಾಂಕ ಇವುಗಳಲ್ಲಿ ಒಂದನ್ನು ಕೊಡಬೇಕು. ಯಾವುದೂ ಇಲ್ಲದಿದ್ದರೆ ವಿಳಾಸದಿಂದ ಹುಡುಕಬಹುದು.

ಬಹಳ ಮಂದಿ ಸೋಲುವುದು ಹೆಸರಿನ ಕಾಗುಣಿತದಲ್ಲಿ. ‘ಪೂಜಾರಿ’ಯನ್ನು ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಹಿರಿಯರ ಖಾತೆ ಬರೇ ಇನಿಷಿಯಲ್ ಹಾಕಿ ತೆರೆದದ್ದಿರಬಹುದು, ಮುಂಬಯಿಯಲ್ಲಿ ದುಡಿದವರದ್ದು ಅಲ್ಲಿನ ವಿಳಾಸದಲ್ಲಿರಬಹುದು. ಒಂದೊಂದು ರೂಪದಲ್ಲೂ ಬೇರೆ ಬೇರೆಯಾಗಿ ಹುಡುಕಲೇಬೇಕು. ಸಿಕ್ಕಿದರೆ ಒಂದು ಉಲ್ಲೇಖ ಸಂಖ್ಯೆ ಬರುತ್ತದೆ. ಅದನ್ನು ಬರೆದಿಟ್ಟುಕೊಂಡು ಶಾಖೆಗೆ ಹೋಗುತ್ತೇನೆ.

ಖಾತೆದಾರರು ಬದುಕಿದ್ದರೆ ಕೆವೈಸಿ ದಾಖಲೆ ಕೊಟ್ಟರೆ ಸಾಕು, ಅದೇ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಆದೀತು. ತೀರಿಕೊಂಡಿದ್ದು ನಾಮಿನಿ ಇದ್ದರೆ ಮರಣ ಪ್ರಮಾಣಪತ್ರ ಮತ್ತು ನಾಮಿನಿಯ ಗುರುತಿನ ಚೀಟಿ. ಆದರೆ ನಾಮಿನಿ ಹಣ ಪಡೆಯುವುದು ವಾರಸುದಾರರ ಪರವಾಗಿ ಮಾತ್ರ, ಒಡೆಯನಾಗಿ ಅಲ್ಲ. ಇದನ್ನು ಮನೆಯವರಿಗೆಲ್ಲ ಮೊದಲೇ ಬಿಡಿಸಿ ಹೇಳುತ್ತೇನೆ. ಹೇಳದೆ ಬಿಟ್ಟ ಕಡೆ ಅಣ್ಣತಮ್ಮಂದಿರ ಮಾತುಕತೆಯೇ ನಿಂತುಹೋಗುತ್ತದೆ.

ನಾಮಿನಿ ಇಲ್ಲದಾಗ ನಾಡಕಚೇರಿಯಿಂದ ವಂಶವೃಕ್ಷ, ಹಣ ಪಡೆಯದ ವಾರಸುದಾರರ ಒಪ್ಪಿಗೆ ಪತ್ರ, ಬ್ಯಾಂಕಿನ ನಮೂನೆಯಲ್ಲಿ ನಷ್ಟಭರ್ತಿ ಬಾಂಡ್ (ಮುಂದೆ ಬೇರೆ ಹಕ್ಕುದಾರರು ಬಂದರೆ ಬ್ಯಾಂಕಿನ ನಷ್ಟ ತುಂಬಿಕೊಡುವ ಮುಚ್ಚಳಿಕೆ) ಬೇಕು. ಗಲ್ಫಿನಲ್ಲಿರುವವರು ಸಹಿಯನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳುಹಿಸಬೇಕು. ವಾಟ್ಸಾಪಿನಲ್ಲಿ ಬಂದ ಸಹಿ ನಡೆಯದು. ಇದಕ್ಕೇ ಹೆಚ್ಚು ಸಮಯ ಹಿಡಿಯುವುದರಿಂದ ಮೊದಲು ಇದನ್ನೇ ಆರಂಭಿಸಿ. ಮನೆಯವರಲ್ಲಿ ತಕರಾರಿದ್ದರೆ ಬೇರೆ ದಾರಿಯಿಲ್ಲ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಕಲಂ 372ರಡಿ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕು.

ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಇಳಿದು ಬರುವ ಕಟ್ಟಳೆಯ, ಮನೆತನಗಳಲ್ಲಿ ವಾರಸುದಾರರ ಪಟ್ಟಿ ಬರೆಯುವಾಗ ಕೈ ನಿಧಾನಿಸಬೇಕು. ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಂತ ದುಡಿಮೆಯ ಠೇವಣಿ ಇತರ ಹಿಂದೂಗಳಂತೆಯೇ ಹೆಂಡತಿ, ಮಕ್ಕಳು, ತಾಯಿಗೆ. ಸೋದರಳಿಯಂದಿರಿಗಲ್ಲ. ಹೆಂಗಸಿನ ಠೇವಣಿಯ ಲೆಕ್ಕ ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಕಲಂ 17ರಂತೆ ಮೊದಲ ಸಾಲಿನಲ್ಲಿ ಮಕ್ಕಳು ಮತ್ತು ತಾಯಿ. ತಂದೆ ಮತ್ತು ಗಂಡ ಎರಡನೆಯ ಸಾಲಿಗೆ. ಕಲಂ 15ರ ಸಾಮಾನ್ಯ ನಿಯಮದಲ್ಲಿ ಗಂಡ ಮಕ್ಕಳ ಜೊತೆ ಮೊದಲ ಸಾಲಿನಲ್ಲೇ ಬರುತ್ತಾನೆ, ಹಾಗಾಗಿ ಅಭ್ಯಾಸಬಲದಿಂದ ಅವನ ಹೆಸರು ಬರೆದು ತಾಯಿಯನ್ನು ಬಿಟ್ಟುಬಿಡುವುದುಂಟು. ಆ ತಾಯಿ ಆಗ ಬದುಕಿದ್ದು ಆಮೇಲೆ ತೀರಿಕೊಂಡಿದ್ದರೆ ಅವರ ಪಾಲು ಅವರ ಇತರ ಮಕ್ಕಳಿಗೂ ಹರಡುತ್ತದೆ. ಇಬ್ಬರ ಮರಣದ ದಿನಾಂಕಗಳನ್ನೂ ಕೈಯಲ್ಲಿಟ್ಟುಕೊಂಡೇ ಪಟ್ಟಿ ಮಾಡಿ. ಕ್ರೈಸ್ತರಿಗೂ ಮುಸ್ಲಿಮರಿಗೂ ಅವರವರ ಉತ್ತರಾಧಿಕಾರ ನಿಯಮ.

ಬಂದ ಮೊತ್ತವನ್ನು ಲೆಕ್ಕ ಹಾಕಿಯೇ ಸಹಿ ಮಾಡಿ. ಬಡ್ಡಿ ಬರುವ ಖಾತೆಯಾಗಿದ್ದರೆ ಹಣ ನಿಧಿಯಲ್ಲಿದ್ದ ಕಾಲಕ್ಕೂ ಸರಳ ಬಡ್ಡಿ ಇದೆ: 2018ರ ಜೂನ್ 30ರವರೆಗೆ ಶೇ. 4, ಅಲ್ಲಿಂದ 2021ರ ಮೇ 10ರವರೆಗೆ ಶೇ. 3.5, ಮೇ 11ರಿಂದ ಶೇ. 3. ಚಾಲ್ತಿ ಖಾತೆಗೆ ಇಲ್ಲ. ನಿಷ್ಕ್ರಿಯ ಖಾತೆಯಲ್ಲಿ ಕನಿಷ್ಠ ಶಿಲ್ಕು ಇಲ್ಲವೆಂದು ದಂಡ ಕಡಿಯುವಂತಿಲ್ಲ.

ಅದೇ ಕಪಾಟಿನಲ್ಲಿ ಹಳೆಯ ಷೇರು ಪತ್ರ ಸಿಕ್ಕರೆ ಅದರ ಹಾದಿಯೇ ಬೇರೆ. ಏಳು ವರ್ಷ ಸತತ ಡಿವಿಡೆಂಡ್ ಪಡೆಯದಿದ್ದರೆ ಷೇರುಗಳೂ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ (ಐಇಪಿಎಫ್) ಹೋಗುತ್ತವೆ. ಮೊದಲು ಷೇರುಗಳನ್ನು ಗಣಕ ರೂಪದಲ್ಲಿ ಇಡುವ ಡಿಮ್ಯಾಟ್ ಖಾತೆ ತೆರೆದು, ಕಂಪನಿಯಿಂದ ಹಕ್ಕಿನ ದೃಢೀಕರಣ ಪತ್ರ ತರಿಸಿಕೊಂಡ ಮೇಲೆಯೇ ಐಇಪಿಎಫ್-5 ಅರ್ಜಿ ಹಾಕಿ.

ಬ್ಯಾಂಕಿನ ಅರ್ಜಿಗೆ ದಿನಾಂಕ ಸಹಿತ ಸ್ವೀಕೃತಿ ತೆಗೆದುಕೊಳ್ಳದೆ ಶಾಖೆಯಿಂದ ಹೊರಬರಬೇಡಿ. 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡುವಾಗ ಆ ಸ್ವೀಕೃತಿಯನ್ನೇ ಲಗತ್ತಿಸಬೇಕು.