ಬರೋಲೊ ನೋಡಬೇಕೆ? ಮೊದಲು ಲಾ ಮೊರ್ರಾ ಬಸ್ಸು ಹತ್ತಿ

ನಾನು ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರ. ನಾಲ್ಕು ಎಕರೆ ಥಾಮ್ಸನ್ ತಳಿ ಇದೆ, ಫಸಲೆಲ್ಲ ಮಣೂಕಕ್ಕೆ (ಒಣದ್ರಾಕ್ಷಿಗೆ) ಹೋಗುತ್ತದೆ. ವೈನ್ ಮುಟ್ಟುವವನಲ್ಲ. ಆದರೂ ಮಗಳು ಟೊರಿನೊದಲ್ಲಿ ಕೆಲಸಕ್ಕಿದ್ದಾಳೆಂದು ಕಳೆದ ಜುಲೈ ಕೊನೆಗೆ ಹೋಗಿ ಬರೋಲೊ ನೋಡಿಬಂದೆ. ಬಂದಾಗಿನಿಂದ ಊರಿನ ಬೆಳೆಗಾರರು "ನಾವು ಹೋಗೋದಾದ್ರ ಹೆಂಗ್ರೀ?" ಅಂತ ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡುತ್ತೇನೆ.

ಬರೋಲೊ ವೈನಿನ ಹೆಸರೂ ಹೌದು, ಊರಿನ ಹೆಸರೂ ಹೌದು. ವಾಯವ್ಯ ಇಟಲಿಯ ಪಿಯೆಮೊಂಟ್‌ನಲ್ಲಿ, ಲಾಂಗೆ ಗುಡ್ಡಗಳ ನಡುವೆ ಸಾವಿರ ಜನವೂ ಇಲ್ಲದ ಹಳ್ಳಿ ಅದು. ಈ ಗುಡ್ಡಸೀಮೆ 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಬಹಳ ಜನ ಕಾರಲ್ಲಿ ಬಂದು, ಕೋಟೆಮನೆಯ ಮುಂದೆ ಫೋಟೊ ತೆಗೆಸಿಕೊಂಡು, ಒಂದು ಗ್ಲಾಸ್ ಕುಡಿದು ಹೊರಡುತ್ತಾರೆ. ಹಾಗೆ ಹೋದರೆ ಅರ್ಧ ಗಂಟೆಯಲ್ಲಿ ಊರು ಮುಗಿಯುತ್ತದೆ. ಮೊದಲು ಪಕ್ಕದ ಗುಡ್ಡದ ಮೇಲಿನ ಲಾ ಮೊರ್ರಾಕ್ಕೆ ಹೋಗಿ, ಅಲ್ಲಿಂದ ತೋಟಗಳ ನಡುವೆ ನಡೆದು ಬರೋಲೊಗೆ ಇಳಿಯಿರಿ.

ಟೊರಿನೊದಿಂದ ಆಲ್ಬಾಕ್ಕೆ ರೈಲಿದೆ, ಒಂದು ಗಂಟೆ ಚಿಲ್ಲರೆ. ಆಲ್ಬಾದಲ್ಲೇ ರೂಮು ಮಾಡಿ, ಸೋವಿ. ಚಾಕೊಲೇಟಿನ ಫೆರೆರೊ ಕಂಪನಿ ಹುಟ್ಟಿದ ಊರು ಅದು, ಸುತ್ತೆಲ್ಲ ಹೇಜಲ್‌ನಟ್ ತೋಟ. ಅಕ್ಟೋಬರ್-ನವೆಂಬರಿನಲ್ಲಿ ಬಿಳಿ ಟ್ರಫಲ್ (ನೆಲದೊಳಗೆ ಬೆಳೆಯುವ ದುಬಾರಿ ಅಣಬೆ) ಜಾತ್ರೆ ನಡೆಯುತ್ತದೆ, ಆಗ ರೂಮಿನ ಬಾಡಿಗೆ ಕೇಳಲೇಬೇಡಿ. ಆಲ್ಬಾದಿಂದ ಹಳ್ಳಿಗಳಿಗೆ ಬಸ್ಸು ಕಡಿಮೆ. ಟಿ ಅಕ್ಷರದ ಬೋರ್ಡಿರುವ ತಬಾಕ್ಕಿ (ತಂಬಾಕು) ಅಂಗಡಿಯಲ್ಲಿ ಟಿಕೆಟ್ ಮೊದಲೇ ತಗೊಂಡಿರಿ. ಭಾನುವಾರ ಬಸ್ಸನ್ನು ನಂಬಬೇಡಿ. ನಾನು ನಂಬಿ ಸ್ಟ್ಯಾಂಡಿನಲ್ಲಿ ಒಂದೂವರೆ ತಾಸು ನಿಂತೆ. ಕೊನೆಗೆ ಟ್ಯಾಕ್ಸಿಗೆ ಎಷ್ಟು ಕೊಟ್ಟೆ ಅನ್ನುವುದು ನಮ್ಮ ಮನೆಯವರಿಗೆ ಇನ್ನೂ ಗೊತ್ತಿಲ್ಲ. ಕಾರು ಮಾಡಿಕೊಳ್ಳುವವರು ನೆನಪಿಡಿ, ಅಲ್ಲಿ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಆಲ್ಕೋಹಾಲ್ ದಾಟಿದರೆ ದಂಡ.

ಲಾ ಮೊರ್ರಾದ ತುದಿಯಲ್ಲಿ ಬೆಲ್ವೆಡೇರೆ ಅನ್ನುವ ಕಟ್ಟೆಯಿದೆ. ಅಲ್ಲಿ ದ್ರಾಕ್ಷಿ ಬೆಳೆಗಾರನಿಗೇ ಒಂದು ಪ್ರತಿಮೆ ನಿಲ್ಲಿಸಿದ್ದಾರೆ! ಕೈಮುಗಿದು ಇಳಿಯಲು ಶುರುಮಾಡಿ. ಬೇಸಿಗೆಯಾದರೆ ಒಂಬತ್ತರೊಳಗೆ ಹೊರಡಿ, ದಾರಿಯಲ್ಲಿ ನೆರಳಿಲ್ಲ. ನೀರು, ಟೊಪ್ಪಿಗೆ, ಹಿಡಿತವಿರುವ ಬೂಟು ಇರಲಿ. ಆರಾಮಾಗಿ ನಡೆದರೆ ಎರಡು ತಾಸು.

ನಮ್ಮವರು ಈ ನಡಿಗೆಯಲ್ಲಿ ಕಣ್ಣು ತೆರೆದಿರಬೇಕು. ಚಪ್ಪರ ಇಲ್ಲ, ತಂತಿಗೆ ಕಟ್ಟಿದ ಬೇಲಿಯಂಥ ಸಾಲುಗಳು ಇಳಿಜಾರಿಗೆ ಅಡ್ಡಲಾಗಿ ಹೋಗುತ್ತವೆ. ನಾನು ಹೋದ ದಾರಿಯಲ್ಲಿ ಡ್ರಿಪ್ ಪೈಪು ಒಂದೂ ಕಾಣಲಿಲ್ಲ. ಚಾಟ್ನಿ (ಬಳ್ಳಿ ಕತ್ತರಿಸುವುದು) ವರ್ಷಕ್ಕೆ ಒಂದೇ ಸಲ, ಚಳಿಗಾಲದಲ್ಲಿ. ಎಲೆಗಳ ಮೇಲೆ ಮೈಲುತುತ್ತದ ನೀಲಿ ಕಲೆ ಕಂಡಾಗ ಮಾತ್ರ ನಮ್ಮ ತೋಟಕ್ಕೇ ಬಂದಂತಾಯಿತು. ಆ ಔಷಧಿ ಹೊಡೆಯಬೇಕಾದ ಡೌನಿ ಬೂಜುರೋಗ ಅಲ್ಲಿಯೂ ಬಿಟ್ಟಿಲ್ಲ.

ಒಂದು ತಿರುವಿನಲ್ಲಿ ಮುದುಕರೊಬ್ಬರು ಹಸಿರು ಗೊಂಚಲು ಕತ್ತರಿಸಿ ಕತ್ತರಿಸಿ ನೆಲಕ್ಕೆ ಬೀಳಿಸುತ್ತಿದ್ದರು. ರೋಗವಿಲ್ಲ, ಒಡೆದಿಲ್ಲ, ತುಂಬಿದ ಗೊಂಚಲು. ಸಾಲಿನ ಬುಡದಲ್ಲಿ ರಾಶಿ. ನನ್ನ ಹೊಟ್ಟೆ ಚುರುಕ್ ಅಂತು. ಮಗಳು ಕೇಳಿದಳು. ಅವರು ಒಂದು ಬೆರಳೆತ್ತಿ ತೋರಿಸಿದರು: ಒಂದು ಕುಡಿಗೆ ಒಂದೇ ಗೊಂಚಲು. ಬರೋಲೊ ಅಂತ ಹೆಸರು ಹಾಕಬೇಕಾದರೆ ಹೆಕ್ಟೇರಿಗೆ 8 ಟನ್ನಿಗಿಂತ ಹೆಚ್ಚು ಬೆಳೆಯುವಂತಿಲ್ಲ, ಅಂದರೆ ಎಕರೆಗೆ ಮೂರು ಟನ್ನು ಚಿಲ್ಲರೆ. ನಾನು ಒಳ್ಳೆಯ ವರ್ಷದಲ್ಲಿ ಎಕರೆಗೆ ಹತ್ತು ತೆಗೆದವನು. "ಅಪ್ಪಾ, ಅದನ್ನ ಅವ್ರಿಗೆ ಹೇಳ್ಲೇನು?" ಅಂದಳು. ಬ್ಯಾಡ ಅಂದೆ. ಸಾಲಿನೊಳಗೆ ಕಾಲಿಡಬೇಡಿ, ಒಂದು ಹಣ್ಣೂ ಕೀಳಬೇಡಿ. ನಮ್ಮ ತೋಟಕ್ಕೆ ಯಾರಾದರೂ ಹಾಗೆ ನುಗ್ಗಿದರೆ ನಾವು ಸುಮ್ಮನಿರುತ್ತೇವೆಯೇ?

ಮಧ್ಯದಲ್ಲಿ ಬಣ್ಣಬಣ್ಣದ ಗುಡಿಯಂಥದ್ದೊಂದು ಸಿಗುತ್ತದೆ. 1914ರಲ್ಲಿ ತೋಟದ ಆಳುಗಳು ಮಳೆ-ಆಲಿಕಲ್ಲಿಗೆ ಆಸರೆ ಪಡೆಯಲೆಂದು ಕಟ್ಟಿದ್ದು. ಪೂಜೆ ನಡೆದದ್ದೇ ಇಲ್ಲ. 1999ರಲ್ಲಿ ಕಲಾವಿದರಾದ ಸಾಲ್ ಲೆವಿಟ್ ಹೊರಗೆ, ಡೇವಿಡ್ ಟ್ರೆಮ್ಲೆಟ್ ಒಳಗೆ ಬಣ್ಣ ಬಳಿದರು.

ಬರೋಲೊದಲ್ಲಿ ಫಾಲೆತ್ತಿ ಮನೆತನದ ಕೋಟೆಮನೆಯೊಳಗೆ ವೈನ್ ಮ್ಯೂಸಿಯಮ್ ಇದೆ. ಮೇಲಿನ ಮಹಡಿಯಿಂದ ಕೆಳಗಿಳಿಯುತ್ತ ನೋಡಬೇಕು. ದೀಪ, ಸದ್ದು ಜಾಸ್ತಿ, ನನಗೆ ಅಷ್ಟಕ್ಕಷ್ಟೆ. ಜೈಲಿನಿಂದ ಬಿಡುಗಡೆಯಾದ ಲೇಖಕ ಸಿಲ್ವಿಯೊ ಪೆಲ್ಲಿಕೊ ನೋಡಿಕೊಳ್ಳುತ್ತಿದ್ದ ಪುಸ್ತಕದ ಕೋಣೆ ಮಾತ್ರ ಬಿಡಬೇಡಿ.

ವೈನ್ ಸವಿಯುವವರು ವೈನ್ ಮಾಡುವ ಸೆಲ್ಲಾರಿಗೆ ಮುಂಚೆಯೇ ಮೇಲ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ. ಕೊಯ್ಲಿನ ತಿಂಗಳಲ್ಲಿ ಸಣ್ಣ ಮನೆತನದವರಿಗೆ ಪುರುಸೊತ್ತಿರುವುದಿಲ್ಲ. ಬಾಯಲ್ಲಿ ಆಡಿಸಿ ಉಗುಳುವುದಕ್ಕೆ ಪಾತ್ರೆ ಇಡುತ್ತಾರೆ, ಉಗುಳಿದರೆ ಯಾರೂ ಬೇಜಾರಾಗುವುದಿಲ್ಲ. ಬರೀ ನೆಬ್ಬಿಯೋಲೊ ದ್ರಾಕ್ಷಿಯ ವೈನಿದು. ಕನಿಷ್ಠ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಇಟ್ಟ ಮೇಲೇ ಮಾರಬೇಕು. ನಾನು ಮೂಸಿ ನೋಡಿ ವಾಪಸ್ ಕೊಟ್ಟೆ.

ಊಟ ಹನ್ನೆರಡೂವರೆಯಿಂದ ಎರಡರೊಳಗೆ. ತಡಮಾಡಿದರೆ ಅಡುಗೆಮನೆ ಬಂದ್. ಬಿಲ್ಲಿನಲ್ಲಿ ತಲೆಗಿಷ್ಟು ಎಂದು ಕೊಪೆರ್ತೊ (ಮೇಜಿನ ಶುಲ್ಕ) ಸೇರಿಸುತ್ತಾರೆ, ಅದು ಮೋಸವಲ್ಲ, ಪದ್ಧತಿ. ಸಸ್ಯಾಹಾರಿಗಳು ಹುಷಾರು: ಕಡುಬಿನಂಥ ಆಞ್ಞೊಲೊತ್ತಿಯೊಳಗೆ ಮಾಂಸ, ತರಕಾರಿ ಅದ್ದಿ ತಿನ್ನುವ ಬಾಞ್ಞಾ ಕೌಡಾದಲ್ಲಿ ಮೀನು, ತಾಯರಿನ್ ಶಾವಿಗೆಯಲ್ಲಿ ತತ್ತಿ. "ಸೆಂಜಾ ಕಾರ್ನೆ, ಸೆಂಜಾ ಪೆಶೆ, ಸೆಂಜಾ ವೋವಾ" (ಮಾಂಸ, ಮೀನು, ತತ್ತಿ ಬೇಡ) ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪೊಲೆಂತಾ ಸಿಕ್ಕರೆ ನಿಮ್ಮ ಪುಣ್ಯ. ಅದು ಥೇಟ್ ನಮ್ಮ ಗೋವಿನಜೋಳದ ನುಚ್ಚು. ಕಿಸೆಯಲ್ಲಿ ಶೇಂಗಾ ಹಿಂಡಿಯ ಪೊಟ್ಟಣವಿದ್ದರೆ ಹಬ್ಬ.

ಬಾಟಲಿ ತರುವವರು ಚೆಕ್-ಇನ್ ಬ್ಯಾಗಿನಲ್ಲಿ ಧೋತರದಲ್ಲಿ ಸುತ್ತಿಡಿ. 2 ಲೀಟರಿನವರೆಗೆ ಸುಂಕವಿಲ್ಲ. ನಾನು ತಂದದ್ದು ಆಲ್ಬಾದ ಕಬ್ಬಿಣದ ಸಾಮಾನಿನ ಅಂಗಡಿಯಿಂದ ಆ ಮುದುಕರ ಕೈಯಲ್ಲಿದ್ದಂಥದೇ ಕತ್ತರಿ. ಅದೂ ಚೆಕ್-ಇನ್ ಬ್ಯಾಗಿನಲ್ಲೇ ಇರಬೇಕು. ಅಕ್ಟೋಬರ್ ಚಾಟ್ನಿಯಲ್ಲಿ ಆಳುಗಳು ಅದಕ್ಕೇ ಜಗಳಾಡಿದರು.