ಹುಲ್ಲುಹಾಸನ್ನು ಅಗೆಯಬೇಡಿ, ಮುಚ್ಚಿಬಿಡಿ

ಹಿತ್ತಲಿನ ಹುಲ್ಲುಹಾಸು ತೆಗೆದು ನಮ್ಮ ನೆಲದ್ದೇ ಗಿಡಗಳನ್ನು ಬೆಳೆಸಬೇಕು ಅನ್ನುವವರು ದಯವಿಟ್ಟು ಗುದ್ದಲಿ ಹಿಡಿಯಬೇಡಿ. ಅಗೆದಷ್ಟೂ ಮಣ್ಣಿನಡಿ ಮಲಗಿದ್ದ ಕಳೆಬೀಜ ಮೇಲೆ ಬಂದು ಮೊಳೆಯುತ್ತದೆ. ಹುಲ್ಲನ್ನು ಬುಡಮಟ್ಟ ಕತ್ತರಿಸಿ, ನೆಲ ನೆನೆಸಿ, ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಹಾಸಿ. ಟೇಪು, ಪಿನ್ನು ಮೊದಲೇ ಕಿತ್ತುಹಾಕಿ. ಅಂಚುಗಳು ಒಂದರ ಮೇಲೊಂದು ಅರ್ಧ ಅಡಿಯಾದರೂ ಕೂರಬೇಕು. ಬೆರಳಗಲ ಸಂದು ಸಿಕ್ಕರೂ ಹುಲ್ಲು ಅಲ್ಲೇ ತಲೆ ಎತ್ತುತ್ತದೆ. ಮೇಲೆ 4-5 ಇಂಚು ತರಗೆಲೆ ಹರಡಿ ನೀರು ಹಾಕಿ. ಕೆಲವು ತಿಂಗಳಲ್ಲಿ ಹುಲ್ಲು ಸತ್ತು ಗೊಬ್ಬರವಾಗುತ್ತದೆ, ರಟ್ಟೂ ಕರಗುತ್ತದೆ. ಗರಿಕೆ ಇದ್ದರೆ ಮಾತ್ರ ಅಂಚಿನ ಮೇಲೆ ಒಂದು ಕಣ್ಣಿರಲಿ, ಅದು ಸುಲಭಕ್ಕೆ ಸಾಯುವ ಹುಲ್ಲಲ್ಲ.

ಗಿಡ ಆರಿಸುವಾಗ ಹೂವಿನ ಅಂದವನ್ನಷ್ಟೇ ನೋಡಬೇಡಿ. ಚಿಟ್ಟೆಗೆ ಮಕರಂದ ಹಲವು ಹೂಗಳಲ್ಲಿ ಸಿಕ್ಕೀತು, ಆದರೆ ಅದರ ಮರಿಹುಳು ತಿನ್ನುವುದು ಗೊತ್ತಾದ ಕೆಲವೇ ಗಿಡಗಳ ಎಲೆ. ಎಕ್ಕವನ್ನು ಹುಡುಕಿಕೊಂಡು ಬಂದು ಮೊಟ್ಟೆ ಇಡುವ ಚಿಟ್ಟೆ ಪಕ್ಕದ ಗುಲಾಬಿಯ ಮೇಲೆ ಇಡುವುದಿಲ್ಲ. ಹಾಗಾಗಿ ಎಲೆ ತೂತಾಯಿತೆಂದು ಔಷಧಿ ಹೊಡೆಯಬೇಡಿ. ಗುಬ್ಬಿ ತಾನು ಕಾಳು ತಿಂದರೂ ಮರಿಗಳಿಗೆ ತಂದು ತಿನ್ನಿಸುವುದು ಹೆಚ್ಚಾಗಿ ಹುಳುಗಳನ್ನೇ. ಹುಳು ಇಲ್ಲದ ಹಿತ್ತಲಲ್ಲಿ ಅವು ಮರಿ ಸಾಕುವುದಾದರೂ ಹೇಗೆ?

ಇನ್ನೊಂದು, ಬಿಸಿಲು ಬೀಳುವ ಕಡೆ ಒಂದಿಷ್ಟು ಬರಿನೆಲ ಬಿಡಿ. ಗೂಡು ಕಟ್ಟಿ ಗುಂಪಾಗಿ ಬದುಕದ ಒಂಟಿ ಜೇನುಗಳಲ್ಲಿ ಬಹುಪಾಲು ನೆಲದಲ್ಲೇ ಬಿಲ ತೋಡಿ ಮೊಟ್ಟೆ ಇಡುತ್ತವೆ. ಒಮ್ಮೆಗೇ ಇಡೀ ಅಂಗಳಕ್ಕೆ ಕೈ ಹಾಕದೆ ಒಂದು ಮೂಲೆಯಿಂದ ಶುರುಮಾಡಿ. ಬೇರು ಇಳಿಯುವವರೆಗೆ, ಅಂದರೆ ಮೊದಲ ವರ್ಷ, ನೀರು ತಪ್ಪಿಸಬೇಡಿ.